‘ಕಂಪೆನಿ’ ಶಬ್ದದ ಅರ್ಥಪರಂಪರೆ

೧

ಇಂಗ್ಲಿಷಿನಿಂದ ನಮ್ಮ ನುಡಿಗೆ ಬಂದು ಮನೆಮಾತಾಗಿರುವ ಶಬ್ದಗಳಲ್ಲಿ ‘ಕಂಪೆನಿ’ ಎಂಬುದು ಮುಖ್ಯವಾದುದು. ಶಾಲೆಯ ಮೆಟ್ಟಿಲನ್ನೇ ಹತ್ತದವರ ಬಾಯಲ್ಲಿಯೂ ಅದು ತಡೆಯಿಲ್ಲದೆ ಬರುತ್ತದೆ. ಮುಂಬಯಿಯ ಉಪನಗರದಲ್ಲಿರುವ ಕನ್ನಡಿಗನು ಬೆಳಿಗ್ಗೆ ‘ಕಂಪೆನಿಗೆ ಹೊರಟೆ’ ಎಂದರೆ ಕಾರಖಾನೆಗೋ ಕಚೇರಿಗೋ ಹೊರಟನೆಂದು ಅರ್ಥ. ಅವನೇ ಸಂಜೆ ಗೆಳೆಯನಿಗೆ ‘ಚಹಾಕ್ಕೆ ಸ್ವಲ್ಪ ಕಂಪೆನಿ ಕೊಡು’ ಎಂದರೆ ಜೊತೆಗೆ ಬಾ ಎಂದು ಅರ್ಥ. ಅಂಗಡಿಯಲ್ಲಿ ನಿಂತು ‘ಇದು ಯಾವ ಕಂಪೆನಿಯದು?’ ಎಂದು ಕೇಳಿದರೆ ಮಾಲಿನ ಮುದ್ರೆಯನ್ನು ವಿಚಾರಿಸಿದಂತೆ. ‘ಕಂಪೆನಿ ಮಾಲು’ ಎಂದರೆ ನಂಬತಕ್ಕ ಮಾಲು. ಮಗನು ‘ಕೆಟ್ಟ ಕಂಪೆನಿ ಸೇರಿದ’ ಎಂದು ತಾಯಿ ಕೊರಗಿದರೆ ಅದು ದುಸ್ಸಹವಾಸ. ಸೈನಿಕನಿಗೆ ಕಂಪೆನಿ ಎಂದರೆ ನೂರಕ್ಕೂ ಮಿಕ್ಕ ಜನರ ತುಕಡಿ. ಊರಿನ ಹಿರಿಯರಿಗೆ ಕಂಪೆನಿ ಎಂದರೆ ಜಾತ್ರೆಯ ಕಾಲದಲ್ಲಿ ಬಂದು ತಗಡಿನ ಥಿಯೇಟರು ಕಟ್ಟುತ್ತಿದ್ದ ನಾಟಕದವರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮುಂಬಯಿಯ ಪತ್ರಿಕೆಗಳು ಪಾತಕಿಗಳ ಕೂಟಗಳಿಗೂ ಈ ಹೆಸರನ್ನೇ ಕೊಟ್ಟವು. ಇತಿಹಾಸದ ಪುಸ್ತಕ ತೆರೆದರೆ ಅಲ್ಲಿ ನೂರು ವರ್ಷ ನಮ್ಮನ್ನು ಆಳಿದ ‘ಕಂಪೆನಿ ಸರಕಾರ’ವಿದೆ.

ಗೆಳೆತನ, ದುಸ್ಸಹವಾಸ, ಸೈನ್ಯ, ರಂಗಭೂಮಿ, ವ್ಯಾಪಾರ, ರಾಜ್ಯಭಾರ—ಇಷ್ಟು ದೂರದೂರದ ವಿಷಯಗಳು ಒಂದೇ ಶಬ್ದದಲ್ಲಿ ಹೇಗೆ ಕೂಡಿಕೊಂಡವು? ಬ್ಯಾಂಕಿನ ಸಾಲಪತ್ರಗಳಲ್ಲಿ ಈ ಶಬ್ದವನ್ನು ದಿನವೂ ಎದುರುಗೊಳ್ಳುವ ಪ್ರಸ್ತುತ ಲೇಖಕನಿಗೆ ಇದು ಬರಿಯ ನಿಘಂಟಿನ ಪ್ರಶ್ನೆಯಾಗಿ ತೋರಿಲ್ಲ. ಈ ಅರ್ಥಗಳ ಸಾಲನ್ನು ಹಿಡಿದು ನಡೆದರೆ ಪ್ರತಿಯೊಂದು ತಿರುವಿನಲ್ಲಿಯೂ ಒಂದೇ ವಿಚಾರ ಎದುರಾಗುತ್ತದೆ: ಲಾಭ ಬಂದಾಗ ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆ, ನಷ್ಟ ಬಂದಾಗ ಅದನ್ನು ಯಾರು ಹೊರುತ್ತಾರೆ? ಈ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಶಬ್ದದ ಚರಿತ್ರೆಯೆನ್ನಬಹುದು. ಆ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಕುಮ್’ ಎಂದರೆ ಜೊತೆಗೆ, ‘ಪಾನಿಸ್’ ಎಂದರೆ ರೊಟ್ಟಿ. ಇವೆರಡೂ ಸೇರಿ ಉತ್ತರಕಾಲದ ಲ್ಯಾಟಿನ್‌ನಲ್ಲಿ ‘ಕೊಂಪಾನಿಯೊ’ ಎಂಬ ಶಬ್ದ ಹುಟ್ಟಿತು. ರೊಟ್ಟಿಯನ್ನು ಹಂಚಿಕೊಂಡು ಜೊತೆಗೆ ಉಣ್ಣುವವನು ಎಂದು ಅದರ ಅರ್ಥ. ಜರ್ಮಾನಿಕ ಭಾಷಾವರ್ಗಕ್ಕೆ ಸೇರಿದ ಗಾಥಿಕ್‌ನಲ್ಲಿ ‘ಗಹ್ಲೈಬ’ ಎಂಬ ಶಬ್ದವಿತ್ತು. ಅದರ ಅರ್ಥವೂ ರೊಟ್ಟಿಯ ಜೊತೆಗಾರನೆಂದೇ. ರೋಮನ್ ಸೈನ್ಯವನ್ನು ಸೇರಿದ ಜರ್ಮಾನಿಕ ಯೋಧರ ಈ ಮಾತನ್ನು ಅನುಸರಿಸಿಯೇ ಲ್ಯಾಟಿನ್ ಶಬ್ದ ರಚಿತವಾಗಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಫ್ರೆಂಚರ ಬಾಯಲ್ಲಿ ಅದು ‘ಕೊಂಪಾಞಿ’ ಆಗಿ, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಇಳಿಯಿತು. ಆದುದರಿಂದ ‘ಚಹಾಕ್ಕೆ ಕಂಪೆನಿ ಕೊಡು’ ಎನ್ನುವ ಕನ್ನಡಿಗನು ಶಬ್ದವನ್ನು ಸಡಿಲವಾಗಿ ಬಳಸುತ್ತಿಲ್ಲ; ಅದರ ಅತ್ಯಂತ ಹಳೆಯ ಅರ್ಥವನ್ನೇ ಆಡುತ್ತಿದ್ದಾನೆ.

ಇಂಗ್ಲಿಷಿನ ಮತ್ತೊಂದು ಶಬ್ದವನ್ನು ಇದರ ಪಕ್ಕದಲ್ಲಿರಿಸಿ ನೋಡುವುದು ಉಚಿತ. ‘ಲಾರ್ಡ್’ ಎಂಬ ಗೌರವಸೂಚಕ ಶಬ್ದವೂ ರೊಟ್ಟಿಯಿಂದಲೇ ಹುಟ್ಟಿದುದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ರೊಟ್ಟಿಯ ಕಾವಲುಗಾರ’ ಎಂದು ಅರ್ಥ. ‘ಲೇಡಿ’ ಎಂದರೆ ರೊಟ್ಟಿಯ ಹಿಟ್ಟನ್ನು ನಾದುವವಳು. ಹೀಗೆ ಒಂದೇ ರೊಟ್ಟಿಯ ಸುತ್ತ ಎರಡು ಬಗೆಯ ಸಂಬಂಧಗಳು ಹೆಸರು ಪಡೆದವು. ಅದನ್ನು ಸಮನಾಗಿ ಹಂಚಿಕೊಂಡು ಕೂತವರು ಕಂಪೆನಿ. ಅದನ್ನು ತನ್ನ ವಶದಲ್ಲಿಟ್ಟುಕೊಂಡು ಉಳಿದವರಿಗೆ ಅಳೆದು ಕೊಡುವವನು ಲಾರ್ಡ್. ಮುಂದೆ ಭರತಖಂಡದಲ್ಲಿ ಮೊದಲನೆಯದು ಎರಡನೆಯದಾಗಿ ಮಾರ್ಪಟ್ಟ ಸಂಗತಿಯನ್ನು ನಾವು ನೋಡಲಿರುವೆವು.

ಸಹಭೋಜನವು ಬಾಂಧವ್ಯದ ಗುರುತೆಂಬುದು ನಮಗೆ ಹೊಸ ಮಾತಲ್ಲ. ಪಂಕ್ತಿಯಲ್ಲಿ ಯಾರನ್ನು ಕೂಡಿಸಿಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಎಂಬುದರ ಮೇಲೆಯೇ ನಮ್ಮ ಸಮಾಜದ ಅನೇಕ ಕಲಹಗಳೂ ಸುಧಾರಣೆಗಳೂ ನಡೆದಿವೆ. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆಯಲ್ಲಿ ಒಂದು ಒಪ್ಪಂದದ ಕಾನೂನೇ ಅಡಗಿದೆ. ಜೊತೆಗೆ ಉಂಡವನು ನಷ್ಟದಲ್ಲಿ ಜಾರಿಕೊಳ್ಳಬಾರದು ಎಂಬ ನಿರೀಕ್ಷೆ ಆ ಗಾದೆಯಲ್ಲಿರುವಂತೆಯೇ ‘ಕಂಪೆನಿ’ ಶಬ್ದದ ಮೂಲದಲ್ಲಿಯೂ ಇತ್ತು.

೩

ಇಟಲಿಯ ನಗರಗಳಲ್ಲಿ ಈ ಶಬ್ದಕ್ಕೆ ವ್ಯಾಪಾರದ ಅರ್ಥ ಬಂದಿತು. ಫ್ಲಾರೆನ್ಸಿನ ವರ್ತಕ ಕುಟುಂಬಗಳು ಬಂಡವಾಳ ಕೂಡಿಸಿ ಕಟ್ಟಿದ ಪಾಲುಗಾರಿಕೆಗೆ ‘ಕೊಂಪಾನಿಯ’ ಎಂದು ಹೆಸರು. ಅಣ್ಣತಮ್ಮಂದಿರೂ ನೆಂಟರೂ ನಂಬುಗೆಯ ಹೊರಗಿನವರೂ ಅದರಲ್ಲಿ ಸೇರುತ್ತಿದ್ದರು. ಹೊಣೆಗೆ ಮಿತಿಯಿರಲಿಲ್ಲ, ವ್ಯಾಪಾರ ಮುಳುಗಿದರೆ ಪಾಲುಗಾರನ ಹೊಲಮನೆಗಳೂ ಅದರೊಡನೆ ಮುಳುಗುತ್ತಿದ್ದವು. ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಅಪಾರ ಸಾಲ ಕೊಟ್ಟಿದ್ದ ಪೆರುಟ್ಸಿ ಕಂಪೆನಿ ೧೩೪೩ರಲ್ಲಿಯೂ ಬಾರ್ಡಿ ಕಂಪೆನಿ ೧೩೪೬ರಲ್ಲಿಯೂ ದಿವಾಳಿಯಾದವು. ಆ ಕಾಲದಲ್ಲಿಯೇ ಕೂಲಿ ಯೋಧರ ತಂಡಗಳು ಕೊಳ್ಳೆಯನ್ನು ಹಂಚಿಕೊಳ್ಳುವ ಒಪ್ಪಂದದ ಮೇಲೆ ‘ಕಂಪೆನಿ’ ಎನಿಸಿಕೊಂಡವು; ಇಂದಿನ ಸೈನ್ಯದ ತುಕಡಿಗೆ ಆ ಹೆಸರು ಅಲ್ಲಿಂದ ಉಳಿದು ಬಂದುದು. ಇಂಗ್ಲೆಂಡಿನ ನಟರ ತಂಡಗಳೂ ಹೀಗೆಯೇ. ಶೇಕ್ಸ್‌ಪಿಯರನು ೧೫೯೪ರಿಂದ ತಾನು ಸೇರಿದ್ದ ತಂಡದಲ್ಲಿ ಬರಿಯ ಕವಿಯೂ ನಟನೂ ಆಗಿರದೆ ಅದರ ಗಳಿಕೆಯಲ್ಲಿ ಪಾಲುಳ್ಳವನೂ ಆಗಿದ್ದನು. ವರ್ತಕನಿಗೆ ಲಾಭ, ಸೈನಿಕನಿಗೆ ಕೊಳ್ಳೆ, ನಟನಿಗೆ ಟಿಕೇಟಿನ ಹಣ—ಹಂಚಿಕೊಳ್ಳುವ ವಸ್ತು ಬೇರೆಯಾದರೂ ಹಂಚಿಕೊಳ್ಳುವ ಕ್ರಮ ಒಂದೇ.

ಇಂತಹ ಕೂಟಗಳು ಯೂರೋಪಿನಲ್ಲಿ ಮಾತ್ರ ಇದ್ದವೆಂದು ಯಾರೂ ಭಾವಿಸಬಾರದು. ನಮ್ಮ ಧರ್ಮಶಾಸ್ತ್ರಗಳಲ್ಲಿ ಹೇಳಿರುವ ಹದಿನೆಂಟು ವ್ಯವಹಾರಪದಗಳಲ್ಲಿ ‘ಸಂಭೂಯ ಸಮುತ್ಥಾನ’ ಎಂಬುದು ಒಂದು. ಕೂಡಿ ಎದ್ದು ನಿಲ್ಲುವುದು ಎಂಬ ಈ ಹೆಸರೇ ಅರ್ಥಗರ್ಭಿತವಾಗಿದೆ. ಲಾಭಕ್ಕಾಗಿ ಕೂಡಿ ದುಡಿಯುವ ವರ್ತಕರು ಲಾಭವನ್ನೂ ನಷ್ಟವನ್ನೂ ತಾವು ಹಾಕಿದ ದ್ರವ್ಯಕ್ಕೆ ಅನುಸಾರವಾಗಿ ಅಥವಾ ತಮ್ಮ ಒಪ್ಪಂದಕ್ಕೆ ಅನುಸಾರವಾಗಿ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಉಳಿದವರು ಬೇಡವೆಂದುದನ್ನು ಮಾಡಿ ಅಥವಾ ಅಜಾಗರೂಕತೆಯಿಂದ ನಷ್ಟವುಂಟುಮಾಡಿದವನು ಅದನ್ನು ತಾನೇ ತುಂಬಿಕೊಡಬೇಕು. ವಿಪತ್ತಿನಲ್ಲಿ ಸರಕನ್ನು ರಕ್ಷಿಸಿದವನಿಗೆ ಹತ್ತರಲ್ಲೊಂದು ಭಾಗ ಸಲ್ಲಬೇಕು. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಇದ್ದುದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ.

ಶಾಸ್ತ್ರದ ಜೊತೆಗೆ ಆಚರಣೆಯೂ ಇತ್ತು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ದೊರೆತಿವೆ. ಕ್ರಿ. ಶ. ೧೦೮೮ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದಲ್ಲಿಯೂ ಈ ಐನೂರ್ವರನ್ನು ಉಲ್ಲೇಖಿಸುತ್ತದೆ. ತಮ್ಮ ಸರಕುಗಳ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೆ ದತ್ತಿ ಬಿಟ್ಟ ಈ ವರ್ತಕರು ತಮ್ಮ ಕಟ್ಟುಕಟ್ಟಳೆಯನ್ನು ‘ಬಣಂಜು ಧರ್ಮ’ವೆಂದು ಕರೆದುಕೊಂಡರು. ವ್ಯಾಪಾರಕ್ಕಾಗಿ ನಾಡು ಬಿಟ್ಟು ಹೋದ ಕನ್ನಡಿಗನು ಹೋದಲ್ಲೆಲ್ಲ ಸಂಘ ಕಟ್ಟಿಕೊಳ್ಳುವ ರೂಢಿ ಇಂದಿನದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

೪

ನಮ್ಮಲ್ಲಿ ಪದಾರ್ಥವಿತ್ತು, ‘ಕಂಪೆನಿ’ ಎಂಬ ಪದ ಬಂದುದು ಬೇರೊಂದು ಪದಾರ್ಥದ ಜೊತೆಗೆ. ೧೬೦೦ನೆಯ ಇಸವಿಯ ಡಿಸೆಂಬರ್ ೩೧ರಂದು ರಾಣಿ ಎಲಿಜಬೆತಳು ಲಂಡನ್ನಿನ ವರ್ತಕರ ಕೂಟವೊಂದಕ್ಕೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡುವ ಏಕಸ್ವಾಮ್ಯದ ಸನದನ್ನು ಕೊಟ್ಟಳು. ಆರಂಭದಲ್ಲಿ ಇದು ಹಳೆಯ ಅರ್ಥದ ಕಂಪೆನಿಯೇ ಆಗಿದ್ದಿತು. ಒಂದೊಂದು ಯಾನಕ್ಕೂ ಬೇರೆಬೇರೆಯಾಗಿ ಹಣ ಕೂಡಿಸುವುದು, ಹಡಗು ಮರಳಿದ ಮೇಲೆ ಮೆಣಸನ್ನು ಮಾರಿ ಬಂದುದನ್ನು ಹಂಚಿಕೊಂಡು ಲೆಕ್ಕ ಮುಗಿಸುವುದು—ಇಷ್ಟೇ ಕ್ರಮ. ೧೬೫೭ರಲ್ಲಿ ಕ್ರಾಮ್‌ವೆಲ್ಲನ ಸನದಿನಿಂದ ಬಂಡವಾಳವು ಸ್ಥಿರವಾಯಿತು. ಅಂದಿನಿಂದ ಹಡಗು ಮರಳಿದರೂ ಲೆಕ್ಕ ಮುಗಿಯಲಿಲ್ಲ. ಪಾಲುಗಾರರು ಸತ್ತರೂ ಪಾಲನ್ನು ಮಾರಿದರೂ ಕಂಪೆನಿ ಮಾತ್ರ ಬದುಕಿಯೇ ಇರುವಂತಾಯಿತು. ೧೬೬೮ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ನಾವು ವಾಸಿಸುತ್ತಿರುವ ಈ ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಇದೇ ಕಂಪೆನಿಗೆ ವಹಿಸಿಕೊಟ್ಟನು.

೧೭೬೫ರಲ್ಲಿ ಮೊಗಲ ಬಾದಶಹನಿಂದ ಬಂಗಾಲದ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಅಧಿಕಾರವನ್ನು, ಪಡೆದುದರೊಡನೆ ಕಂಪೆನಿಯ ಅರ್ಥವೇ ತಲೆಕೆಳಗಾಯಿತು. ರೊಟ್ಟಿಯ ಪಾಲುಗಾರನು ರೊಟ್ಟಿಯ ಕಾವಲುಗಾರನಾದನು. ಕನ್ನಡನಾಡು ಈ ಹೊಸ ಯಜಮಾನನನ್ನು ಒಂದೇ ದಿನ ಕಾಣಲಿಲ್ಲ. ತುಂಡುತುಂಡಾಗಿ, ಬೇರೆಬೇರೆ ವರ್ಷಗಳಲ್ಲಿ ಕಂಡಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿಯ ಕನ್ನಡ ಜಿಲ್ಲೆಗಳು ಕಂಪೆನಿಗೆ ಸೇರಿದವು. ಮೈಸೂರಿನ ಅರಸರು ವರ್ಷಕ್ಕೆ ೭ ಲಕ್ಷ ವರಹಗಳನ್ನು ಸೈನ್ಯದ ವೆಚ್ಚವೆಂದು ಕೊಡತಕ್ಕದ್ದೆಂದು ಒಪ್ಪಂದವಾಯಿತು. ೧೮೦೦ರಲ್ಲಿ ನಿಜಾಮನು ಬಳ್ಳಾರಿಯನ್ನು ಬಿಟ್ಟುಕೊಟ್ಟನು. ೧೮೧೮ರಲ್ಲಿ ಪೇಶ್ವೆಗಳ ಪತನದೊಡನೆ ಧಾರವಾಡದ ಕಡೆಯ ಪ್ರದೇಶ ಸೇರಿತು. ೧೮೨೪ರಲ್ಲಿ ಕಿತ್ತೂರು ಎದ್ದು ನಿಂತು ಹೋರಾಡಿ ಬಿದ್ದಿತು. ೧೮೩೧ರಲ್ಲಿ ಮೈಸೂರಿನ ಆಡಳಿತವನ್ನೂ ೧೮೩೪ರಲ್ಲಿ ಕೊಡಗನ್ನೂ ಕಂಪೆನಿ ತನ್ನ ಕೈಗೆ ತೆಗೆದುಕೊಂಡಿತು.

ಆ ದಿನಗಳ ಕನ್ನಡಿಗರು ಈ ಶಬ್ದವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಕುಂಪಣಿ’ ಎಂದರು. ‘ಕುಂಪಣಿ ಸರಕಾರ’, ‘ಕುಂಪಣಿಯವರು’ ಎಂಬ ಮಾತುಗಳು ಇಂದಿಗೂ ಕಥೆ ಕಾದಂಬರಿಗಳಲ್ಲಿ ಜೀವಂತವಾಗಿವೆ. ತಮಿಳರು ಇದನ್ನೇ ‘ಕುಂಬಿನಿ’ ಎಂದರು. ಉತ್ತರದೇಶದಲ್ಲಿ ‘ಕಂಪೆನಿ ಬಹಾದ್ದೂರ್’ ಎಂಬ ಬಿರುದು ಹುಟ್ಟಿತು. ಲಂಡನ್ನಿನ ಸಭಾಗೃಹದಲ್ಲಿ ಕುಳಿತ ಪಾಲುಗಾರರ ಕೂಟವೊಂದು ಇದರ ಹಿಂದಿದೆಯೆಂಬುದನ್ನು ಅರಿಯದ ಜನ ಅದನ್ನು ಒಬ್ಬ ದೊರೆಯೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಅವರ ಅನುಭವದಲ್ಲಿ ಅದು ಕಂದಾಯ ಎತ್ತುವ, ಕಟ್ಟದಿದ್ದರೆ ಜಪ್ತಿ ಮಾಡುವ, ನಾಣ್ಯ ಹೊಡೆಯಿಸುವ ಶಕ್ತಿಯೇ ಆಗಿದ್ದಿತು. ೧೮೩೫ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ಏಕರೂಪದ ರೂಪಾಯಿ ಬಂದಾಗ ಅದರ ಮೇಲೆ ಮುದ್ರಿತವಾದುದೂ ಕಂಪೆನಿಯ ಹೆಸರೇ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಕಥೆಯ ಅತ್ಯಂತ ವಿಚಿತ್ರವಾದ ಭಾಗ ಇನ್ನೂ ಉಳಿದಿದೆ. ೧೮೩೩ರ ಸನದಿನ ಕಾಯಿದೆಯಿಂದ ಕಂಪೆನಿಯ ವ್ಯಾಪಾರವನ್ನು ನಿಲ್ಲಿಸಲಾಯಿತು. ವ್ಯಾಪಾರವಿಲ್ಲದ ಮೇಲೆ ಲಾಭವೆಲ್ಲಿಂದ? ಲಾಭವಿಲ್ಲದ ಮೇಲೆ ಡಿವಿಡೆಂಡು ಎಲ್ಲಿಂದ? ಕಾಯಿದೆಯು ಇದಕ್ಕೆ ಸುಲಭವಾದ ದಾರಿಯನ್ನು ಕಂಡುಹಿಡಿಯಿತು. ೬೦ ಲಕ್ಷ ಪೌಂಡುಗಳ ಬಂಡವಾಳದ ಮೇಲೆ ಶೇಕಡಾ ಹತ್ತೂವರೆಯ ಡಿವಿಡೆಂಡನ್ನು ಭಾರತದ ಕಂದಾಯದಿಂದಲೇ ಕೊಡತಕ್ಕದ್ದು. ೧೮೭೪ರ ಅನಂತರ ನೂರು ಪೌಂಡಿನ ಪಾಲಿಗೆ ಇನ್ನೂರು ಪೌಂಡು ತೆತ್ತು ಪಾಲುಗಳನ್ನು ಬಿಡಿಸಿಕೊಳ್ಳಬಹುದು. ಅಂದರೆ ಧಾರವಾಡದ, ಬಳ್ಳಾರಿಯ ರೈತನು ಕಟ್ಟಿದ ಕಂದಾಯದಲ್ಲಿ ಒಂದು ಅಂಶ ತಾನು ಎಂದೂ ಕಾಣದ ಪಾಲುಗಾರರ ಡಿವಿಡೆಂಡಿಗೆ ಸಂದಾಯವಾಯಿತು. ೧೮೫೮ರಲ್ಲಿ ಆಳ್ವಿಕೆ ರಾಣಿಯ ಸರಕಾರಕ್ಕೆ ಹೋದ ಮೇಲೂ ಈ ಸಂದಾಯ ನಿಲ್ಲಲಿಲ್ಲ. ೧೮೭೪ರ ಜೂನ್ ೧ರಂದು ಕಂಪೆನಿ ವಿಧ್ಯುಕ್ತವಾಗಿ ವಿಸರ್ಜಿತವಾಯಿತು. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬುದು ನಮ್ಮಲ್ಲಿ ಸಂತೃಪ್ತಿಯ ಗಾದೆ. ಇಲ್ಲಿ ಪಂಚಾಮೃತ ಬಂದುದು ಪಾಲು ಹಾಕಿದವರಿಗೆ, ನಷ್ಟ ಬಂದುದು ಪಾಲಿಲ್ಲದವರಿಗೆ.

೫

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾನೂನು ಶಬ್ದದ ಅರ್ಥವನ್ನು ಮತ್ತೊಮ್ಮೆ ಬದಲಿಸಿತು. ೧೭೨೦ರಲ್ಲಿ ಸೌತ್ ಸೀ ಕಂಪೆನಿಯ ಪಾಲುಗಳ ಬೆಲೆ ಬುದ್ಬುದದಂತೆ ಒಡೆದ ವರ್ಷವೇ, ಸನದಿಲ್ಲದೆ ಕಂಪೆನಿ ಕಟ್ಟುವುದನ್ನು ನಿಷೇಧಿಸುವ ಕಾಯಿದೆ ಬಂದಿದ್ದಿತು. ೧೮೨೫ರಲ್ಲಿ ಆ ನಿಷೇಧ ತೊಲಗಿತು. ೧೮೪೪ರಲ್ಲಿ ಬರಿಯ ನೋಂದಣಿಯಿಂದಲೇ ಕಂಪೆನಿ ಕಟ್ಟುವ ಅವಕಾಶವೂ ೧೮೫೫ರಲ್ಲಿ ಪಾಲುಗಾರನ ಹೊಣೆಗೆ ಮಿತಿಯೂ ದೊರೆತವು. ಹಾಕಿದ ಹಣ ಹೋದರೆ ಹೋಯಿತು. ಅದರಾಚೆಗೆ ಅವನ ಹೊಲಮನೆಗಳನ್ನು ಯಾರೂ ಮುಟ್ಟುವಂತಿಲ್ಲ. ಭಾರತದಲ್ಲಿ ೧೮೫೦ರ ಕಾಯಿದೆಯಿಂದ ನೋಂದಣಿಯೂ ೧೮೫೭ರ ಕಾಯಿದೆಯಿಂದ ಮಿತಹೊಣೆಯೂ ಬಂದವು. ‘ಲಿಮಿಟೆಡ್’ ಎಂಬ ಬಾಲ ಕಂಪೆನಿಗಳ ಹೆಸರಿಗೆ ಅಂಟಿಕೊಂಡಿತು. ಕನ್ನಡದಲ್ಲಿ ನಾವು ಅದನ್ನು ‘ನಿಯಮಿತ’ ಎಂದು ಬರೆಯುತ್ತೇವೆ. ದಿನಬಳಕೆಯಲ್ಲಿ ‘ನಿಯಮಿತ’ವೆಂದರೆ ತಪ್ಪದೆ ನಡೆಯುವಂಥದು, ನಾಮಫಲಕದಲ್ಲಿ ಅದು ಹೊಣೆಯ ಮೇರೆಯನ್ನು ಸೂಚಿಸುತ್ತದೆಯೆಂದು ಓದುವವರಲ್ಲಿ ಎಷ್ಟು ಮಂದಿಗೆ ಹೊಳೆದೀತು?

ಕಂಪೆನಿಯು ತನ್ನ ಸದಸ್ಯರಿಂದ ಬೇರೆಯಾದ ಒಬ್ಬ ವ್ಯಕ್ತಿಯೆಂಬ ತತ್ತ್ವ ೧೮೯೭ರ ಪ್ರಸಿದ್ಧ ತೀರ್ಪಿನಲ್ಲಿ ಸ್ಥಿರವಾಯಿತು. ಲಂಡನ್ನಿನ ಬೂಟು ತಯಾರಕನಾದ ಆರನ್ ಸಾಲೊಮನ್ ಎಂಬವನು ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪೆನಿಗೆ ಮಾರಿದನು. ೨೦,೦೦೭ ಪಾಲುಗಳಲ್ಲಿ ೨೦,೦೦೧ ಅವನವು. ಹೆಂಡತಿಗೂ ಐವರು ಮಕ್ಕಳಿಗೂ ಒಂದೊಂದು. ಕಂಪೆನಿ ಮುಳುಗಿದಾಗ, ಆಧಾರವಿಲ್ಲದೆ ಸಾಲ ಕೊಟ್ಟವರು ಅವನ ಕೈಯಿಂದ ಹಣ ಕೇಳಿದರು. ಲಾರ್ಡರ ಸಭೆಯು ಅವರ ಮಾತನ್ನು ಒಪ್ಪಲಿಲ್ಲ. ಸಾಲ ಮಾಡಿದುದು ಕಂಪೆನಿ, ಸಾಲೊಮನ್ ಬೇರೆ, ಕಂಪೆನಿ ಬೇರೆ—ಎಂದು ತೀರ್ಪಾಯಿತು.

ಈ ತತ್ತ್ವದಿಂದ ಜಗತ್ತಿಗೆ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಮಿತಹೊಣೆಯಿಲ್ಲದಿದ್ದರೆ ರೈಲುದಾರಿಗಳಿಗೂ ಗಿರಣಿಗಳಿಗೂ ಬೇಕಾದ ಬಂಡವಾಳ ಅಪರಿಚಿತರ ಕೈಗಳಿಂದ ಕೂಡಿಬರುತ್ತಿರಲಿಲ್ಲ. ಆದರೆ ಮೈಯಿಲ್ಲದ ಈ ವ್ಯಕ್ತಿಯೊಡನೆ ವ್ಯವಹರಿಸುವವರು ಅದರ ಹಿಂದಿರುವ ಮನುಷ್ಯರನ್ನು ಮತ್ತೆ ಮತ್ತೆ ಹುಡುಕಿದ್ದಾರೆ. ಸಾಲ ಕೊಡುವಾಗ ಬ್ಯಾಂಕುಗಳು ಕಂಪೆನಿಯ ಸಹಿಯೊಂದರಿಂದ ತೃಪ್ತವಾಗದೆ ನಿರ್ದೇಶಕರ ವೈಯಕ್ತಿಕ ಜಾಮೀನನ್ನೂ ಕೇಳುವುದು ಇದಕ್ಕಾಗಿಯೇ. ೧೮೫೫ರ ಕಾನೂನು ಕಟ್ಟಿದ ಗೋಡೆಯಲ್ಲಿ ಆ ಜಾಮೀನುಪತ್ರವು ತೆರೆದ ಕಿಂಡಿ. ೨೦೧೬ರ ದಿವಾಳಿ ಸಂಹಿತೆಯ ಕಟ್ಟಳೆಗಳನ್ನು ೨೦೧೯ರಲ್ಲಿ ಇಂತಹ ಜಾಮೀನುದಾರರಿಗೂ ಅನ್ವಯಿಸಲಾಯಿತು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬ್ಯಾಂಕಿಗೆ ಜಾಮೀನು ಕೇಳುವ ಶಕ್ತಿಯಿದೆ. ಬಣ್ಣದ ಡಬ್ಬಿಯನ್ನೋ ಹತ್ತಿಯ ಮೂಟೆಯನ್ನೋ ಕಡ ಕೊಟ್ಟ ಸಣ್ಣ ವ್ಯಾಪಾರಿಗೆ, ತಿಂಗಳ ಸಂಬಳವನ್ನು ನಂಬಿದ ಕಾರ್ಮಿಕನಿಗೆ ಆ ಶಕ್ತಿಯಿಲ್ಲ. ಆ ಸಂಹಿತೆಯ ಪ್ರಕಾರ ಕಂಪೆನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ, ಕಾರ್ಮಿಕರ ಹಿಂದಿನ ೨೪ ತಿಂಗಳ ಬಾಕಿಯೂ ತಮ್ಮ ಒತ್ತೆಯನ್ನು ಬಿಟ್ಟುಕೊಟ್ಟ ಸಾಲದಾತರ ಬಾಕಿಯೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಸರಕು ಕಡ ಕೊಟ್ಟ ವ್ಯಾಪಾರಿಯ ಎಲೆ ಬಹಳ ಹಿಂದಿನ ಪಂಕ್ತಿಯಲ್ಲಿದೆ. ಅಲ್ಲಿಯವರೆಗೆ ಅನ್ನ ಉಳಿದೀತೆಂಬ ಭರವಸೆಯಿಲ್ಲ.

ಕೋಲಾರದ ಚಿನ್ನದ ಗಣಿಗಳನ್ನು ಇಲ್ಲಿ ನೆನೆಯಬೇಕಾಗುತ್ತದೆ. ೧೮೮೦ರಲ್ಲಿ ಸ್ಥಾಪಿತವಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿಯೇ ಮೊದಲಾದವುಗಳ ಪಾಲುಗಾರರು ಲಂಡನ್ನಿನಲ್ಲಿದ್ದರು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ದುಡಿದವರು ಬಹುಮಟ್ಟಿಗೆ ತಮಿಳು, ತೆಲುಗು ಸೀಮೆಗಳಿಂದ ವಲಸೆ ಬಂದ ಬಡವರು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದುದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ಬೆಳಕು ಬಂದುದು ೧೯೦೫ರಲ್ಲಿ. ೧೯೫೬ರಲ್ಲಿ ಮೈಸೂರು ಸರಕಾರವೂ ೧೯೬೨ರಲ್ಲಿ ಕೇಂದ್ರ ಸರಕಾರವೂ ಗಣಿಗಳನ್ನು ವಹಿಸಿಕೊಂಡವು. ೧೯೭೨ರಲ್ಲಿ ಅವು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರಕಾರಿ ಕಂಪೆನಿಯಾದವು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಯಜಮಾನಿಕೆ ಲಂಡನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದಿಲ್ಲಿಗೆ ಬದಲಾಯಿತು. ಗಣಿಯೊಳಗೆ ಇಳಿದವನು ಮಾತ್ರ ಯಾವ ಕಾಲದಲ್ಲಿಯೂ ‘ಕಂಪೆನಿ’ಯ ಸದಸ್ಯನಾಗಿರಲಿಲ್ಲ. ಗಣಿ ಮುಚ್ಚಿದ ದಿನ ನಷ್ಟ ಬಂದುದು ಅವನ ಪಾಲಿಗೆ.

ಶಬ್ದದ ಪಯಣ ೨೦೧೩ರ ಭಾರತೀಯ ಕಂಪೆನಿ ಕಾಯಿದೆಯಲ್ಲಿ ಒಂದು ಕೊನೆಯನ್ನು ಮುಟ್ಟಿತೆನ್ನಬಹುದು. ೧೯೫೬ರ ಕಾಯಿದೆಯಲ್ಲಿ ಖಾಸಗಿ ಕಂಪೆನಿಗೆ ಇಬ್ಬರೂ ಸಾರ್ವಜನಿಕ ಕಂಪೆನಿಗೆ ಏಳು ಮಂದಿಯೂ ಕನಿಷ್ಠ ಪಕ್ಷ ಬೇಕಾಗಿದ್ದರು. ಹೊಸ ಕಾಯಿದೆಯು ‘ಏಕವ್ಯಕ್ತಿ ಕಂಪೆನಿ’ಯನ್ನು ಹುಟ್ಟುಹಾಕಿತು. ಸಣ್ಣ ಉದ್ಯಮಿಗೆ ಅದರಿಂದ ಅನುಕೂಲವಿದೆಯೆಂಬುದು ನಿಜ. ಆದರೂ ಜೊತೆಗೆ ಉಣ್ಣುವುದೆಂಬ ಅರ್ಥದ ಶಬ್ದವು ಒಬ್ಬನೇ ಕುಳಿತು ಉಣ್ಣುವವನಿಗೆ ಹೆಸರಾದುದನ್ನು ಶಬ್ದಚರಿತ್ರೆಯ ವಿದ್ಯಾರ್ಥಿಯು ಗಮನಿಸದೆ ಇರಲಾರನು.

೬

ಕಾನೂನಿನ ಪುಸ್ತಕದಿಂದ ಹೊರಬಿದ್ದ ಹಳೆಯ ಅರ್ಥಕ್ಕೆ ಆಶ್ರಯ ದೊರೆತುದು ಅನಿರೀಕ್ಷಿತವಾದ ಸ್ಥಳದಲ್ಲಿ—ನಮ್ಮ ರಂಗಭೂಮಿಯಲ್ಲಿ. ಕನ್ನಡದಲ್ಲಿ ಆಟದ ತಂಡಕ್ಕೆ ‘ಮೇಳ’ವೆಂಬ ಸೊಗಸಾದ ಶಬ್ದ ಮೊದಲಿನಿಂದಲೂ ಇತ್ತು, ಯಕ್ಷಗಾನದವರು ಅದನ್ನು ಇಂದಿಗೂ ಬಿಟ್ಟಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರಸಿಗಳು ಇಂಗ್ಲಿಷರ ಮಾದರಿಯಲ್ಲಿ ನಾಟಕ ಕಂಪೆನಿಗಳನ್ನು ಕಟ್ಟಿ ದೇಶವೆಲ್ಲ ಸಂಚರಿಸಿದರು. ಅವರ ಪರದೆಗಳೂ ದೀಪಗಳೂ ಹಾಡುಗಳೂ ಕನ್ನಡನಾಡಿಗೆ ಬಂದವು. ಜೊತೆಗೆ ಹೆಸರೂ ಬಂದಿತು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ, ಮುಂದೆ ವೀರಣ್ಣನವರ ಕಾಲದಲ್ಲಿ ಅಖಿಲ ಭಾರತ ಕೀರ್ತಿ ಪಡೆದ ತಂಡವು ಜನರಿಗೆ ‘ಗುಬ್ಬಿ ಕಂಪೆನಿ’. ಗರೂಡ ಸದಾಶಿವರಾಯರದು ದತ್ತಾತ್ರೇಯ ನಾಟಕ ಮಂಡಳಿ. ಜನರಿಗೆ ‘ಗರೂಡರ ಕಂಪೆನಿ’. ಹಿರಣ್ಣಯ್ಯನವರದು ಮಿತ್ರಮಂಡಳಿ, ಏಣಗಿ ಬಾಳಪ್ಪನವರದು ಕಲಾವೈಭವ ನಾಟ್ಯಸಂಘ. ಮಾಲಿಕರು ತಮ್ಮ ಫಲಕಗಳಲ್ಲಿ ಮಂಡಳಿ, ಸಂಘ ಎಂದು ಸಂಸ್ಕೃತದ ಹೆಸರುಗಳನ್ನಿಟ್ಟರು. ಪ್ರೇಕ್ಷಕರು ಅವನ್ನೆಲ್ಲ ‘ಕಂಪೆನಿ’ಯೆಂದೇ ಕರೆದರು.

ಕಾನೂನಿನ ಅರ್ಥದಲ್ಲಿ ಇವು ಕಂಪೆನಿಗಳಾಗಿರಲಿಲ್ಲ. ಬಹುಮಟ್ಟಿಗೆ ಒಬ್ಬ ಮಾಲಿಕನ ಸ್ವಂತ ಉದ್ಯಮಗಳಾಗಿದ್ದವು. ಮಾಲಿಕನ ಹೊಣೆಗೆ ಮಿತಿಯಿರಲಿಲ್ಲ. ಮಳೆ ಹಿಡಿದು ಆಟ ನಿಂತರೆ, ಊರಿಗೆ ಬೇನೆ ಬಂದು ಜನ ಚದರಿದರೆ ಸಾಲ ಅವನ ತಲೆಗೆ. ಆದರೆ ಶಬ್ದದ ಮೂಲಾರ್ಥದಲ್ಲಿ ಇವುಗಳಿಗಿಂತ ದಿಟವಾದ ಕಂಪೆನಿಗಳು ಬೇರೆ ಇರಲಾರವು. ನಟರು, ಪೇಟಿಯವನು, ತಬಲದವನು, ಪರದೆ ಎಳೆಯುವವನು, ಅಡುಗೆಯವನು, ಹೆಂಗಸರು ಮಕ್ಕಳು ಎಲ್ಲರೂ ಕ್ಯಾಂಪಿನಿಂದ ಕ್ಯಾಂಪಿಗೆ ಜೊತೆಯಾಗಿ ಹೋಗಿ ‘ಕಂಪೆನಿ ಮನೆ’ಯಲ್ಲಿ ಇಳಿಯುತ್ತಿದ್ದರು, ಒಂದೇ ಒಲೆಯ ಮೇಲೆ ಬೆಂದ ಅನ್ನವನ್ನು ಉಣ್ಣುತ್ತಿದ್ದರು. ಗಳಿಕೆಯಿಲ್ಲದ ತಿಂಗಳು ಸಂಬಳ ನಿಂತರೂ ಊಟ ನಿಲ್ಲಬಾರದೆಂಬುದು ಒಳ್ಳೆಯ ಮಾಲಿಕರ ಮರ್ಯಾದೆಯಾಗಿತ್ತು. ಅಲ್ಲಿ ಶೋಷಣೆಯಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ದುಡಿದು ಬರಿಗೈಯಲ್ಲಿ ಮುದಿತನ ಕಂಡ ಕಲಾವಿದರು ಅನೇಕರು. ಆದರೂ ನಷ್ಟವು ಎಲ್ಲರ ಕಣ್ಣಮುಂದೆ, ಎಲ್ಲರ ತಟ್ಟೆಯಲ್ಲಿ ಕಾಣಿಸುತ್ತಿದ್ದುದರಿಂದ ಅದು ಯಾರದೆಂಬ ವಿಷಯದಲ್ಲಿ ಮರೆಮಾಚುವಿಕೆಗೆ ಎಡೆಯಿರಲಿಲ್ಲ. ಇಂದು ವಿಮರ್ಶಕರು ‘ಕಂಪೆನಿ ನಾಟಕ’ವೆಂಬ ಮಾತನ್ನು ಕೆಲವೊಮ್ಮೆ ಅಬ್ಬರದ ಅಭಿರುಚಿಗೆ ಪರ್ಯಾಯವಾಗಿ, ತುಸು ತಾತ್ಸಾರದಿಂದ ಬಳಸುವುದುಂಟು. ಆ ಶಬ್ದಕ್ಕೆ ಅಷ್ಟು ಗೌರವವಾದರೂ ಸಲ್ಲಬೇಕೆಂದು ನಮ್ಮ ವಿನಂತಿ.

ಹಳ್ಳಿಯ ಕಡೆಯಲ್ಲಿಯೂ ಇಂತಹ ಒಂದು ಪ್ರಯತ್ನ ನಡೆಯಿತು. ೧೯೦೪ರ ಸಹಕಾರ ಸಾಲ ಸಂಘಗಳ ಕಾಯಿದೆಯ ಆಧಾರದ ಮೇಲೆ ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಸಹಕಾರ ಸಂಘವೊಂದು ಹುಟ್ಟಿತು. ಭಾರತದ ಮೊದಮೊದಲಿನ ಸಹಕಾರ ಸಂಘಗಳಲ್ಲಿ ಇದೂ ಒಂದು. ಆ ಕಾಯಿದೆಯು ಗ್ರಾಮೀಣ ಸಂಘಗಳಿಗೆ ವಿಧಿಸಿದ ಹೊಣೆ ಮಿತವಾದುದಲ್ಲ, ಅಮಿತವಾದುದು. ಒಬ್ಬನ ಸಾಲಕ್ಕೆ ಊರೆಲ್ಲ ಹೊಣೆ. ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ‘ಕೂಡಿ ಎದ್ದು ನಿಲ್ಲುವ’ ಧರ್ಮಕ್ಕೆ ಇದು ಲಂಡನ್ನಿನ ಕಂಪೆನಿಗಿಂತ ಹತ್ತಿರವಾಗಿದ್ದಿತು. ಆ ಸಂಘಕ್ಕೆ ‘ಕಂಪೆನಿ’ ಎಂಬ ಹೆಸರನ್ನು ಮಾತ್ರ ಯಾರೂ ಇಡಲಿಲ್ಲ.

೭

ಈವರೆಗೆ ಹೇಳಿದುದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಂಗ್ಲಿಷಿನವನು ತನ್ನ ಒಂದೇ ಶಬ್ದದಲ್ಲಿ ಗೆಳೆಯನನ್ನೂ ಆಳುವವನನ್ನೂ ಒಟ್ಟಿಗೆ ಇರಿಸಿದನು. ಕನ್ನಡಿಗನು ಅದೇ ಶಬ್ದವನ್ನು ಎರಡು ಬಾರಿ ಎರವು ಪಡೆದು ಎರಡು ರೂಪಗಳನ್ನು ಮಾಡಿಕೊಂಡನು. ಅನ್ನವನ್ನು ಅಳೆದುಕೊಂಡು ಹೋದುದು ಕುಂಪಣಿ; ನಾಟಕವಾಡಿಸಿದುದು, ಕೆಲಸ ಕೊಟ್ಟುದು, ಚಹಾಕ್ಕೆ ಜೊತೆಯಾದುದು ಕಂಪೆನಿ. ಯಾವ ಪಂಡಿತರೂ ಸಭೆ ಸೇರಿ ಈ ಭೇದವನ್ನು ಮಾಡಲಿಲ್ಲ. ಕಾಲವೂ ಜನರ ನಾಲಗೆಯೂ ಸೇರಿ ಮಾಡಿದವು. ಇಂದಿಗೂ ಕನ್ನಡದ ಲೇಖಕನು ದೊಡ್ಡ ಬಂಡವಾಳದ ದರ್ಪವನ್ನು ಹಳಿಯಬೇಕಾದಾಗ ‘ಕುಂಪಣಿ’ಯೆಂಬ ಹಳೆಯ ರೂಪವನ್ನು ಮರಳಿ ಕೈಗೆತ್ತಿಕೊಳ್ಳುವುದನ್ನು ಓದುಗರು ಗಮನಿಸಿರಬಹುದು.

ಈ ಭೇದವನ್ನು ಉಳಿಸಿಕೊಳ್ಳುವುದು ನಾಡಿನಿಂದ ಹೊರಗಿರುವ ನಮಗೆ ವಿಶೇಷವಾಗಿ ಉಪಯುಕ್ತ. ನಮ್ಮಲ್ಲಿ ಬಹುಮಂದಿಯನ್ನು ಈ ನಗರಗಳಿಗೆ ಕರೆತಂದುದು ಯಾವುದೋ ಒಂದು ಕಂಪೆನಿಯ ಕೆಲಸ. ಆ ಕಂಪೆನಿಗಳು ಕೈಬದಲಾಗುತ್ತವೆ, ವಿಲೀನವಾಗುತ್ತವೆ, ಮುಚ್ಚುತ್ತವೆ. ಅವುಗಳ ಹೊಣೆಗೆ ಕಾನೂನಿನಲ್ಲಿಯೇ ಮಿತಿಯಿದೆ. ಅಂತಹ ದಿನ ಬಂದಾಗ ಮನುಷ್ಯನಿಗೆ ಉಳಿಯುವುದು ಶಬ್ದದ ಮೊದಲನೆಯ ಅರ್ಥವೊಂದೇ. ಬಂದ ಹೊಸದರಲ್ಲಿ ಕೋಣೆಯ ಮೂಲೆಯಲ್ಲಿ ಹಾಸಲು ಜಾಗ ಕೊಟ್ಟವರು, ಕೆಲಸ ಸಿಗುವವರೆಗೆ ಖಾನಾವಳಿಯ ಲೆಕ್ಕವನ್ನು ತಮ್ಮ ಹೆಸರಿಗೆ ಬರೆಸಿಕೊಂಡವರು, ಬೇನೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿ ಕುಳಿತವರು ಯಾವ ನೋಂದಣಿಯನ್ನೂ ಮಾಡಿಸಿರಲಿಲ್ಲ. ಐಹೊಳೆಯ ಐನೂರ್ವರ ಕಾಲದಿಂದ ಇಂದಿನ ಕನ್ನಡ ಸಂಘಗಳವರೆಗೆ ಪರಸ್ಥಳದ ಕನ್ನಡಿಗನನ್ನು ಕಾದುದು ಇಂತಹ ಅಮಿತ ಹೊಣೆಯ ಕೂಟಗಳೇ. ನಮ್ಮ ಸಂಘಗಳು ವರ್ಷಕ್ಕೊಂದು ಉತ್ಸವವನ್ನೂ ಒಂದು ವರದಿಯನ್ನೂ ನಡೆಸಿದರೆ ಸಾಲದು. ಸದಸ್ಯನೊಬ್ಬನ ಕಂಪೆನಿ ಮುಚ್ಚಿದ ತಿಂಗಳು ಅವನ ಮನೆಯ ಒಲೆ ಉರಿಯುತ್ತಿದೆಯೇ ಎಂದು ಹೋಗಿ ನೋಡಿ ಬರುವುದೂ ಅವುಗಳ ಲೆಕ್ಕಪುಸ್ತಕಕ್ಕೆ ಸೇರಬೇಕಾದ ಬಾಬು.